ಅರ್ಜಿ ಹಿಡಿದು ಹೋದ ಬೇಸಿಗೆ

ಆಗೆಲ್ಲ ತಿಲಕ್ ನಗರದ ನಮ್ಮ ಬೀದಿಯಲ್ಲಿ ಮಧ್ಯಾಹ್ನವೆಂದರೆ ಮಕ್ಕಳದೇ ರಾಜ್ಯ. ಸೈಕಲ್ಲು, ಸೊಪ್ಪಿನ ಗಾಡಿ ಬಿಟ್ಟರೆ ಏನೂ ಬರುತ್ತಿರಲಿಲ್ಲ. ರಸ್ತೆಯ ಮೇಲೇ ಸೀಮೆಸುಣ್ಣದ ಗೆರೆ ಎಳೆದು ಕುಂಟೆಬಿಲ್ಲೆ ಆಡುತ್ತಿದ್ದೆವು. ಅಪ್ಪನಿಗೆ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿ. ಹಗಲು ರಸ್ತೆಗೆ ಅಂಟಿಕೊಂಡಿದ್ದ ಮುಂದಿನ ಕೋಣೆಯಲ್ಲಿ ಮಲಗುತ್ತಿದ್ದ. ನಮ್ಮ ಆಟದಿಂದ ಅವನ ನಿದ್ದೆ ಕೆಟ್ಟಿದ್ದು ನನಗೆ ನೆನಪಿಲ್ಲ.

ಅಮ್ಮ ಜಯನಗರದ ಒಂದು ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಐದನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ. ಬೀದಿ ತುಂಬ ಉದುರಿದ ಹೊಂಗೆ ಹೂವು, ಒಳಗೆ ಕಾಫಿ ಡಿಕಾಕ್ಷನ್ನಿನ ಘಮ. ಆ ಮನೆಯ ಅಂಕಲ್ ನಿವೃತ್ತರು, ಒಳ್ಳೆಯವರು. ನನ್ನಿಂದ ಪೇಪರ್ ಓದಿಸಿ ತಪ್ಪು ತಿದ್ದುತ್ತಿದ್ದರು. ಆ ವರ್ಷ ದೊಡ್ಡ ರಸ್ತೆಯಲ್ಲಿ ಕಾಮಗಾರಿ ಶುರುವಾಗಿ ಬಸ್ಸು, ಲಾರಿಗಳನ್ನೆಲ್ಲ ಅವರ ಬೀದಿಗೆ ತಿರುಗಿಸಿದ್ದರು.

ಒಂದು ಬೆಳಿಗ್ಗೆ ಅಂಕಲ್ ಟ್ರಾಫಿಕ್ ಪೊಲೀಸರಿಗೆ ಬರೆದ ಒಂದು ಅರ್ಜಿ ನನ್ನ ಕೈಗಿಟ್ಟರು. ಅವರಿಗೆ ಮಂಡಿ ನೋವು.

"ಬೀದೀಲಿ ಎಲ್ರ ಹತ್ರಾನೂ ಸೈನ್ ಹಾಕಿಸ್ಕೊಂಡು ಬಾ ಪುಟ್ಟಿ. ಈ ಗಲಾಟೇಲಿ ಮನುಷ್ಯ ಬದುಕೋಕಾಗಲ್ಲ."

ಎಲ್ಲ ಮನೆಯವರೂ ಬಾಗಿಲು ತೆರೆದರು. ಒಬ್ಬರು ಪಾನಕ ಕೊಟ್ಟರು, ಇನ್ನೊಬ್ಬರು ಕೋಡುಬಳೆ. ಸಂಜೆಯೊಳಗೆ ಹಾಳೆ ಎರಡೂ ಕಡೆ ತುಂಬಿತು. ಅಂಕಲ್ ಬೆನ್ನು ತಟ್ಟಿದರು. ಈ ಬಸ್ಸುಗಳು ಇನ್ನೆಲ್ಲಿಗೆ ಹೋಗುತ್ತವೆ ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಶಾಲೆ ತೆರೆಯುವ ಹೊತ್ತಿಗೆ ಅವು ನಮ್ಮ ಬೀದಿಗೆ ಬಂದವು. ಮೊದಲ ದಿನ ನಾವು ಕೈಬೀಸಿ ಟಾಟಾ ಮಾಡಿದೆವು. ವಾರದೊಳಗೆ ಅಪ್ಪ ಚಾಪೆ ಎತ್ತಿಕೊಂಡು ಒಲೆಯ ಪಕ್ಕಕ್ಕೆ ಬಂದ. ಕಿವಿಗೆ ಹತ್ತಿ ಇಟ್ಟುಕೊಂಡ. ಹಾರ್ನು ಗೋಡೆಯೊಳಗಿಂದಲೇ ಬಂದಂತೆ ಕೇಳುತ್ತಿತ್ತು. ಒಂದು ಮಧ್ಯಾಹ್ನ ನನ್ನ ಕೈಯಿಂದ ಲೋಟ ಜಾರಿ ಬಿತ್ತು. ಎಂದೂ ಹೊಡೆಯದವನು ಎದ್ದು ಬಂದು ಕೆನ್ನೆಗೆ ಬಾರಿಸಿದ. ಆಮೇಲೆ ತಲೆ ಹಿಡಿದುಕೊಂಡು ಕೂತುಬಿಟ್ಟ. ಏಟಿಗಿಂತ ಆ ಕೂತ ರೀತಿಗೆ ಹೆದರಿ, ಅಳುತ್ತಲೇ ಅರ್ಜಿಯ ವಿಷಯ ಹೇಳಿಬಿಟ್ಟೆ.

ಅಪ್ಪ ಕಿವಿಯ ಹತ್ತಿ ತೆಗೆದು ಪೂರ್ತಿ ಕೇಳಿಸಿಕೊಂಡ. ಕೊನೆಗೆ, "ನಂಗೂ ಅಂಥದ್ದೊಂದು ಬರ್ಕೊಡ್ತೀಯಾ?" ಎಂದ.

ಅಂಕಲ್ ಬರೆದಿದ್ದ ಮಾತುಗಳನ್ನೇ ನೆನಪು ಮಾಡಿಕೊಂಡು ಬರೆದುಕೊಟ್ಟೆ. ನಿದ್ದೆ ಬಿಟ್ಟು ಅವನೇ ಮನೆಮನೆಗೆ ಹೋದ. ಅಂಗಡಿಯವರು ವ್ಯಾಪಾರ ಹೆಚ್ಚಾಗಿದೆ, ಬೇಡ ಎಂದರು. ಬಾಡಿಗೆಗಿದ್ದವರು ಓನರ್ ಏನಂತಾರೋ ಎಂದು ಹಿಂಜರಿದರು. ಅರ್ಧ ಹಾಳೆಯೂ ತುಂಬಲಿಲ್ಲ. ಟ್ರಾಫಿಕ್ ಪೊಲೀಸ್ ಕಚೇರಿಯಲ್ಲಿ ಅದನ್ನು ತೆಗೆದುಕೊಂಡು, ನೋಡುತ್ತೇವೆ ಎಂದರಂತೆ.

ಅಮ್ಮ ಅಂಕಲ್ ಬಳಿ ಬಾಯಿಬಿಟ್ಟು ಕೇಳಿದಳು, ನಿಮಗೆ ಗೊತ್ತಿರುವವರಿಗೆ ಒಂದು ಮಾತು ಹೇಳಿ ಎಂದು. ಅವರಿಗೆ ನಿಜವಾಗಿಯೂ ಬೇಜಾರಾಯಿತು.

"ಏನ್ಮಾಡೋದಮ್ಮ, ಬಸ್ಸು ಎಲ್ಲಾದ್ರೂ ಹೋಗ್ಲೇಬೇಕಲ್ವಾ?"

ಅಮ್ಮ ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದಳು.

ಕಾಮಗಾರಿ ಮುಗಿದರೂ ಬಸ್ಸುಗಳು ಹಿಂತಿರುಗಲಿಲ್ಲ. ಈಗ ಅಪ್ಪನಿಗೆ ಕೆಲಸವಿಲ್ಲ, ರಾತ್ರಿಯೂ ನಿದ್ದೆಯಿಲ್ಲ. ಸಣ್ಣ ಸದ್ದುಗಳು ಅವನ ಕಿವಿಗೆ ಇನ್ನು ಬೀಳುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆ ಮನೆಯಲ್ಲಿ ಬೆಳೆದ ನಮಗ್ಯಾರಿಗೂ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಅಡುಗೆಮನೆ ಬಾಗಿಲಿಗೆ ಬಂದು, ಯಾಕಿಷ್ಟು ಕೋಪ ಎಂದು ಕೇಳಿದ್ದ. ನಾನು ಅವನನ್ನು ಊಟಕ್ಕೆ ಕರೆದಿದ್ದೆ, ಅಷ್ಟೇ.