ಹೇಳಿದ ದರಕ್ಕೇ ಒಪ್ಪಿದ

ಬ್ಯಾಡಗಿ ಹತ್ತಿರದ ಮೋಟೆಬೆನ್ನೂರಿನ ಚಮನಸಾಬ ದನದ ದಲಾಲಿ. ಹಾವೇರಿ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು, ಹಿಡಿದಷ್ಟು ಬೆರಳೇ ಲೆಕ್ಕವೆಂದು ದರ ಕುದುರಿಸುವುದರಲ್ಲಿ ಅವನಿಗೆ ಸರಿಸಾಟಿಯೆಂದರೆ ಅದೇ ಊರಿನ ಗೆಳೆಯ ಫಕ್ಕೀರೇಶನೊಬ್ಬನೇ. ಚಮನಸಾಬ ಕೊಳ್ಳುವವರ ಕಡೆ, ಫಕ್ಕೀರೇಶ ಮಾರುವವರ ಕಡೆ. ಫಕ್ಕೀರೇಶ ಮೊದಲು ಒತ್ತುವ ದರ ಹಸೀ ಸುಳ್ಳೆಂದು ಇಬ್ಬರಿಗೂ ಗೊತ್ತು. ಚಮನಸಾಬ ಬೈಯುವನು, ಬೆರಳು ಮಡಚುವನು, ಎಳೆದಾಡಿ ಖರೇ ದರಕ್ಕೆ ಇಳಿಸುವನು. ಆಮೇಲೆ ಒಂದೇ ಚಹಾ ಇಬ್ಬರೂ ಹಂಚಿಕೊಂಡು ಕುಡಿಯುವರು. ತಲೆ ಬೆಳ್ಳಗಾಗುವವರೆಗೂ ಇದೇ ನಡೆಯಿತು.

ಎತ್ತುಗಳೇ ತನ್ನ ಸಂಸಾರವೆಂದುಕೊಂಡಿದ್ದ ಪುಣ್ಯಾತ್ಮ ಚಮನಸಾಬ! ಹೆಂಡತಿ ಮೈಮುನಾಬಿ ಕೊನೆಯುಸಿರೆಳೆದಾಗಲೂ ಸಂತೆಯಲ್ಲಿದ್ದ. ಮಗಳು ಬೇನಜೀರ ಮಣ್ಣಿಗೆ ಬಂದ ಜನರೆದುರೇ ಛೀ ಥೂ ಎಂದು ಉಗಿದಳು. ಅಂದಿನಿಂದ ಆಕೆ ರಾಣೆಬೆನ್ನೂರಿನ ಗಂಡನ ಮನೆಯಲ್ಲಿ, ಇವನು ಇಲ್ಲಿ. ಮಾತುಕತೆ ಬಂದ್.

ಈ ಶ್ರಾವಣದಲ್ಲಿ ಹೊಟ್ಟೆನೋವು ತಡೆಯಲಾರದೆ ಚಮನಸಾಬ ಗೆಳೆಯನೊಡನೆ ಹಾವೇರಿಯ ಆಸ್ಪತ್ರೆಗೆ ಹೋದ. ಡಾಕ್ಟರು ಅವನನ್ನು ಹೊರಗೆ ಕೂರಿಸಿ ಫಕ್ಕೀರೇಶನಿಗಷ್ಟೇ ಹೇಳಿದರು: ದೀಪಾವಳಿ ಕಾಣುವುದು ಕಷ್ಟ.

ತಿರುಗಿ ಬರುವಾಗ ಹತ್ತಿದ್ದು ರಾಣೆಬೆನ್ನೂರಿನ ಬಸ್ಸು. ಚಮನಸಾಬ ಹೆಗಲ ಟವೆಲ್ಲನ್ನು ಇಬ್ಬರ ಕೈಮೇಲೆ ಹಾಸಿದ.

"ಇನ್ನ ಎಷ್ಟ ವರ್ಷ ಐತಲೇ ನಂದು? ಬಾಯಿಲೆ ಹೇಳಬ್ಯಾಡ, ಬೆರಳ ಹಿಡಿ. ಕಡಿಮಿ ಇದ್ರ ಊರಾಗ ಇಳಿಯೂದಿಲ್ಲ, ಸೀದಾ ಹೋಗಿ ಮಗಳ ಕಾಲ ಹಿಡೀತೇನಿ. ಜಾಸ್ತಿ ಇದ್ರ ಆಕೀನ ಬರಲಿ."

ಫಕ್ಕೀರೇಶನಿಗೆ ಖರೇ ಲೆಕ್ಕ ಗೊತ್ತಿತ್ತು. ಕೈ ಮಾತ್ರ ಹಳೇ ಚಾಳಿ ಬಿಡಲಿಲ್ಲ. ಗೆಳೆಯನ ಐದೂ ಬೆರಳು ಹಿಡಿದು ಒತ್ತಿತು. ಬೈಯಲಿ, ಇಳಿಸಲಿ, ಇಳಿಸುತ್ತ ಇಳಿಸುತ್ತ ಖರೇ ಮಾತಿಗೆ ತಾನೇ ಬರಲಿ ಎಂದು ಕಾದ.

ಚಮನಸಾಬ ಬೈಯಲಿಲ್ಲ. ಒಂದು ಬೆರಳನ್ನೂ ಮಡಚಲಿಲ್ಲ. ಜನ್ಮದಲ್ಲಿ ಮೊದಲ ಸಲ, ಹೇಳಿದ ದರಕ್ಕೇ ಒಪ್ಪಿಬಿಟ್ಟ.

"ಐದಾ? ಹಂಗಾದ್ರ ನಾ ಯಾಕ ಬಗ್ಗಲಿ!"

ಮೋಟೆಬೆನ್ನೂರು ಬಂತು. ಹೇಳು, ಹೇಳು ಎಂದು ಫಕ್ಕೀರೇಶನ ಜೀವ ಹೊಡೆದುಕೊಂಡಿತು. ಆದರೂ ನಗುತ್ತ ಇಳಿದವನ ಹಿಂದೆ ತಾನೂ ಇಳಿದ. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ಎಂದವನ ಮನೆ ಹಾಳು! ಡಾಕ್ಟರು ಎಣಿಸಿದ್ದಕ್ಕಿಂತಲೂ ಬೇಗ, ಮುಂದಿನ ಸಂತೆಯೊಳಗೇ ಚಮನಸಾಬ ತೀರಿಕೊಂಡ.

ಬೇನಜೀರ ಓಡೋಡಿ ಬಂದಳು. ಒಳಗೆ ಹೋಗುವ ಮೊದಲು ಫಕ್ಕೀರೇಶನನ್ನು ತಡೆದು ನಿಲ್ಲಿಸಿದಳು.

"ಕಾಕಾ, ಖರೇ ಹೇಳ್ರಿ. ತಾ ಉಳಿಯೂದಿಲ್ಲಂತ ಅಪ್ಪಗ ಗೊತ್ತಿತ್ತೇನು? ಗೊತ್ತಿದ್ರೂ ನನ್ನ ಕಡೆ ಬರಲಿಲ್ಲೇನು?"

ಇಲ್ಲ ಎಂದರೆ ಡಾಕ್ಟರು ಹೇಳಿದ್ದನ್ನು ಯಾಕೆ ಮುಚ್ಚಿಟ್ಟೆ ಎಂಬ ಪ್ರಶ್ನೆ ಬಂದು ತನ್ನ ಐದು ಬೆರಳಿನ ಸುಳ್ಳು ಊರ ಮುಂದೆ ಬಯಲಾಗುತ್ತಿತ್ತು. ಫಕ್ಕೀರೇಶ ನೆಲ ನೋಡಿದ.

"ಗೊತ್ತಿತ್ತವಾ," ಎಂದ.

ಬೇನಜೀರ ಅಪ್ಪನ ಮುಖವನ್ನೂ ನೋಡದೆ ಬಸ್ ಸ್ಟ್ಯಾಂಡಿನ ಕಡೆಗೆ ತಿರುಗಿ ನಡೆದಳು.