ಅಳಿಸಿಹೋದ ಅರಿಶಿನ

ಸ್ನೇಹಿತರೇ, ಇವತ್ತು ಬೆಳಿಗ್ಗೆ ನನ್ನ ಮಗ ಮೊಮ್ಮಗಳು ಬರೆದ ಚಿತ್ರಗಳನ್ನೆಲ್ಲ ಫೋನಿನ ನೋಟ್ಸ್ ಆ್ಯಪಿಗೆ ಸ್ಕ್ಯಾನ್ ಮಾಡಿ, ಕಾಗದಗಳನ್ನು ಕಸದ ಗಾಡಿಗೆ ಹಾಕಿಬಿಟ್ಟ. "ಇನ್ನು ಎಲ್ಲಾ ಸೇಫ್ ಅಪ್ಪಾ," ಎಂದ.

ಮೊಮ್ಮಗಳು ಮೊದಲು ತೆರೆದದ್ದು ಅಜ್ಜಿಯ ಚಿತ್ರವನ್ನು. ಕಳೆದ ವರ್ಷ ತೀರಿಕೊಳ್ಳುವ ಮುಂಚೆ ನನ್ನ ಹೆಂಡತಿ, ಮಗು ಬರೆದ ಆ ಮುಖದ ಕೆನ್ನೆಗೆ ತನ್ನ ಬೆರಳಿನಿಂದಲೇ ಅರಿಶಿನ ಹಚ್ಚಿದ್ದಳು.

"ತಾತಾ, ಅಜ್ಜಿ ಬೆರಳಿನ ಗುರುತೇ ಇಲ್ಲ!"

ಮಗ ಇಣುಕಿ ನೋಡಿದ. "ಅಯ್ಯೋ, ಕಲೆ ಅಂದ್ಕೊಂಡು ಆ್ಯಪೇ ಅಳಿಸ್ಬಿಟ್ಟಿದೆ ಕಣೇ."

ನಾನು ಬೀದಿಗೆ ಓಡಿದೆ. ಗಾಡಿ ಹೋಗಿಯಾಗಿತ್ತು.

ಎಷ್ಟೋ ವರ್ಷಗಳಿಂದ ಪಾಲಿಕೆಗೆ ಅರ್ಜಿ ಕೊಡುತ್ತಿದ್ದರೂ ಬಸವೇಶ್ವರನಗರದ ನಮ್ಮ ರಸ್ತೆಯ ಮೂಲೆಯ ಕಸ ಹೋಗಿಲ್ಲ. ಈ ಮನೆಯಲ್ಲಿ ಉಳಿದಿದ್ದ ಅವಳ ಒಂದೇ ಒಂದು ಬೆರಳಿನ ಗುರುತು ಮಾತ್ರ ಕ್ಷಣದಲ್ಲಿ ಸ್ವಚ್ಛವಾಯಿತು.