ಅಜ್ಜಿಯ ಕಣ್ಣು ತೆರೆಸಿದವರು

ತೀರಿಕೊಂಡು ಎಪ್ಪತ್ತು ವರ್ಷ ದಾಟಿದ ಮೇಲೆ ನಮ್ಮ ಅಜ್ಜಿ ಕಣ್ಣು ಬಿಟ್ಟಳು. ಹರಪನಹಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ, ವೇದಿಕೆಯ ಮೇಲೆ, ಚಪ್ಪಾಳೆಯ ನಡುವೆ. ಅದನ್ನು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ. ಸಿಟ್ಟು ಆರಿದ ಮೇಲೆ ಬರೆದರಾಯಿತು ಎಂದುಕೊಂಡಿದ್ದೆ. ಆರುವ ಲಕ್ಷಣವೇ ಕಾಣುತ್ತಿಲ್ಲ, ಅದಕ್ಕೆ ಈಗಲೇ ಬರೆಯುತ್ತಿದ್ದೇನೆ.

ನಾನು ಕೊಟ್ಟೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಮನೆಯಲ್ಲಿ ಕೂತು ಬೇಸರ ಹಿಡಿದಿದ್ದಾಗ ದೂರದೂರಿನ ಒಂದು ಸಂಸ್ಥೆಯವರು ಬಂದರು. ನಮ್ಮ ಸೀಮೆಯ ಹಳೆಯ ಫೋಟೋ, ಕಾಗದಪತ್ರ, ಲಗ್ನಪತ್ರಿಕೆ, ಅಡತಿ ಅಂಗಡಿಯ ಕ್ಯಾಲೆಂಡರು, ಟೆಂಟ್ ಸಿನಿಮಾದ ಕರಪತ್ರ, ಇಂಥವನ್ನೆಲ್ಲ ಸ್ಕ್ಯಾನ್ ಮಾಡಿ ಯಾರು ಬೇಕಾದರೂ ನೋಡುವಂತೆ ಇಂಟರ್‌ನೆಟ್ಟಿನಲ್ಲಿ ಇಡುವುದು ಅವರ ಕೆಲಸ. ಒಂದೊಂದಕ್ಕೂ ಇದು ಏನು, ಯಾರದು, ಯಾವ ಊರಿನದು ಎಂದು ಎರಡು ಸಾಲು ವಿವರ ಬರೆಯಲು ಇಲ್ಲಿಯವರೇ ಒಬ್ಬರು ಬೇಕಿತ್ತು. ಖುಷಿಯಿಂದ ಒಪ್ಪಿದೆ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಎಂದು ಬಸ್ಸು ಹತ್ತಿ ಇಳಿದು ಮನೆಮನೆ ತಿರುಗಿದೆ. ಕಾನಹೊಸಹಳ್ಳಿ ಹತ್ತಿರದ ಒಂದು ಮನೆಯಲ್ಲಿ ಜೋಳದ ಡಬ್ಬಿಯ ತಳದಿಂದ ಇನ್‌ಲ್ಯಾಂಡ್ ಲೆಟರುಗಳ ಕಟ್ಟು ತೆಗೆದುಕೊಟ್ಟರು. ಕುರಿ ಹಿಂಡಿನ ಜೊತೆ ದೂರ ಹೋದ ಗಂಡ ಬೇರೆಯವರ ಕೈಲಿ ಬರೆಸಿ ಹಾಕಿದ್ದ ಪತ್ರಗಳು. ಒಂದೊಂದರಲ್ಲೂ ಕುರಿಗಳ ಕ್ಷೇಮ ಮೊದಲು, ಹೆಂಡತಿಯ ಕ್ಷೇಮ ಕಟ್ಟಕಡೆಗೆ. ಓದಿ ಹೇಳುತ್ತಿದ್ದರೆ ನಾನೂ ಆ ಮನೆಯ ಸೊಸೆಯೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಗ ನನಗೆ ಈ ಕೆಲಸದ ಮೇಲೆ ಅಷ್ಟು ಪ್ರೀತಿ ಇತ್ತು.

ವಿವರ ತುಂಬುವ ಪಟ್ಟಿಯನ್ನು ಅವರೇ ಮಾಡಿಕೊಂಡು ಬಂದಿದ್ದರು. ಅದರಲ್ಲಿ 'ಸಂದರ್ಭ' ಎಂಬ ಕಡೆ ಮದುವೆ, ಹಬ್ಬ, ಶಾಲೆ, ಇತರೆ, ಇಷ್ಟರಲ್ಲೇ ಒಂದನ್ನು ಆರಿಸಬೇಕು. ಸಾವು ಇರಲಿಲ್ಲ. ಸಂಸ್ಥೆಯ ಸಂಯೋಜಕನನ್ನು ಕೇಳಿದೆ. ಮೂವತ್ತರ ಆಸುಪಾಸಿನವ, ಬಲು ವಿನಯವಂತ, ಮಾತುಮಾತಿಗೆ ಮೇಡಂ ಮೇಡಂ ಎನ್ನುತ್ತಿದ್ದ.

"ಸಾವಿನ ಫೋಟೋ ಯಾರು ತೆಗೆಸ್ತಾರೆ ಮೇಡಂ?" ಎಂದು ನಕ್ಕ.

ನಮ್ಮ ಕಡೆ ತೆಗೆಸುತ್ತಿದ್ದದ್ದೇ ಅದನ್ನು. ನಮ್ಮ ಮನೆಗಳಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಚಕ್ಕಳಮಕ್ಕಳ ಕೂಡಿಸಿ, ಹಣೆತುಂಬ ವಿಭೂತಿ ಬಳಿದು, ಹೊಸ ಸೀರೆ ಉಡಿಸಿ ಹಾರ ಹಾಕುತ್ತಾರೆ. ಉಳ್ಳವರಾದರೆ ಕೊಟ್ಟೂರಿನಿಂದ ಸ್ಟುಡಿಯೋದವನನ್ನು ಕರೆಸಿ, ಪಕ್ಕದಲ್ಲಿ ಮಕ್ಕಳನ್ನು ಕೂಡಿಸಿ ಫೋಟೋ ಹೊಡೆಸುತ್ತಿದ್ದರು. ಬದುಕಿದ್ದಾಗ ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹೆದರಿದ ಹೆಂಗಸರು ಆವತ್ತೇ ಮೊದಲ ಸಲ ಕ್ಯಾಮೆರಾದ ಎದುರು ಕೂತದ್ದು. ಇದನ್ನೆಲ್ಲ ಅವನಿಗೆ ಬಿಡಿಸಿ ಹೇಳಿದೆ. ಕೋಲೆ ಬಸವನ ಹಾಗೆ ತಲೆ ಆಡಿಸಿ, ಪಟ್ಟಿಯಲ್ಲಿ ಸೇರಿಸುತ್ತೇವೆ ಎಂದ. ಸೇರಿಸಲಿಲ್ಲ. ನಾನು 'ಇತರೆ'ಗೆ ಹಾಕಿದ್ದ ಹೆಣದ ಫೋಟೋಗಳಲ್ಲಿ ಹೂವಿನ ಹಾರ ನೋಡಿ, ಅವರ ಆಫೀಸಿನಲ್ಲಿ ಯಾರೋ ಪುಣ್ಯಾತ್ಮರು ಎಲ್ಲವನ್ನೂ 'ಹಬ್ಬ'ಕ್ಕೆ ಬದಲಾಯಿಸಿದ್ದರು.

ನಮ್ಮ ಅಜ್ಜಿಯದೂ ಅಂಥದೇ ಒಂದು ಫೋಟೋ. ನನ್ನ ಅವ್ವನನ್ನು ಹೆತ್ತು, ಬಾಣಂತನದಲ್ಲೇ ಜ್ವರ ಬಂದು ಹೋದವಳು ಅವಳು. ಆಗ ಅವ್ವನ ಅಕ್ಕ, ಅಂದರೆ ನನ್ನ ದೊಡ್ಡವ್ವ, ಮೂರು ನಾಲ್ಕು ವರ್ಷದ ಕೂಸು. ಫೋಟೋದಲ್ಲಿ ಅಜ್ಜಿ ಕಣ್ಣು ಮುಚ್ಚಿ ಕೂತಿದ್ದಾಳೆ, ದೊಡ್ಡವ್ವ ಅವಳ ಸೆರಗು ಹಿಡಿದು ಕ್ಯಾಮೆರಾವನ್ನೇ ದಿಟ್ಟಿಸುತ್ತಿದ್ದಾಳೆ. ಅಜ್ಜಿಯ ಮುಖ ಇದ್ದದ್ದು ಜಗತ್ತಿನಲ್ಲಿ ಆ ಒಂದು ಫೋಟೋದಲ್ಲಿ ಮಾತ್ರ. ನೀಲಗುಂದದ ಕಡೆಯ ಹಳ್ಳಿಯಲ್ಲಿ ದೊಡ್ಡವ್ವನ ಪಡಸಾಲೆಯ ಗೋಡೆಗೆ ಅದು ತೂಗುಬಿದ್ದಿತ್ತು.

"ಅವ್ವನ ಕಣ್ಣು ಹೆಂಗಿದ್ವೋ ನೆನಪಿಲ್ಲ ಮಗಳ. ಮುಚ್ಚಿದ್ದ ಮುಖ ಅಷ್ಟ ನನಗ ಗೊತ್ತು," ಎನ್ನುತ್ತಿದ್ದಳು.

ನನ್ನ ಅವ್ವ ಹೋಗಿ ಸುಮಾರು ವರ್ಷವಾಯಿತು. ದೊಡ್ಡವ್ವನಿಗೆ ಈಗ ಎಂಬತ್ತರ ಹತ್ತಿರ. ಆಕೆಯ ಕಣ್ಣಿನ ಹಿಂಭಾಗದ ಪರದೆಯೇ ಸೊರಗುತ್ತಿದೆ, ಆಪರೇಷನ್ ಮಾಡಿದರೂ ಪ್ರಯೋಜನವಿಲ್ಲ, ದೃಷ್ಟಿ ದಿನೇದಿನೇ ಕಡಿಮೆಯಾಗುತ್ತದೆ ಎಂದು ದಾವಣಗೆರೆಯ ಡಾಕ್ಟರು ಹೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ ದೊಡ್ಡವ್ವ ಕೇಳಿದ್ದು ಒಂದೇ.

"ಹಳೇ ಫೋಟೋ ಎಲ್ಲಾ ಕಂಪ್ಯೂಟರಿನ್ಯಾಗ ಹಾಕ್ತೀಯಲ್ಲ, ನಮ್ಮವ್ವಂದು ದೊಡ್ಡದು ಮಾಡಿಸಿ ಕೊಡು. ಕಣ್ಣು ಹೋಗೂದ್ರೊಳಗ ಒಂದ್ ಸಲ ನೆಟ್ಟಗ ನೋಡ್ತೀನಿ."

ಫೋಟೋ ಇಳಿಸಿ ನೋಡಿದೆ. ಎಷ್ಟೋ ವರ್ಷದ ಒಲೆಯ ಹೊಗೆ, ಮಳೆಗಾಲದ ತೇವ ಕುಡಿದು ಅಜ್ಜಿಯ ಮುಖದ ಭಾಗ ಕಟ್ಟಿನ ಗಾಜಿಗೆ ಅಂಟಿಕೊಂಡಿತ್ತು. ಹಡಗಲಿಯಲ್ಲಿ ಒಬ್ಬರು ಇಂಥದೇ ಫೋಟೋವನ್ನು ಗಾಜಿನಿಂದ ಎಳೆದು ಹಾಳು ಮಾಡಿಕೊಂಡದ್ದನ್ನು ನಾನೇ ನೋಡಿದ್ದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ, ಏನಾದರೂ ಆಗಲಿ ಗಾಜು ಬಿಡಿಸಬೇಡಿ ಎಂದು ಫೋಟೋ ಕೊಡುವಾಗ ಸಂಯೋಜಕನಿಗೆ ಬಾಯಲ್ಲಿ ಹೇಳಿದೆ, ಚೀಟಿ ಬರೆದು ಹಿಂದೆ ಅಂಟಿಸಿದೆ, ಫೋನು ಮಾಡಿ ಮತ್ತೆ ಹೇಳಿದೆ. ವಿವರದ ಎರಡು ಸಾಲಿನಲ್ಲಿ 'ತೀರಿಕೊಂಡ ದಿನ ತೆಗೆದ ಚಿತ್ರ' ಎಂದೂ ಬರೆದೆ. ಇನ್ನೇನು ಮಾಡಬೇಕಿತ್ತು, ಡಂಗುರ ಹೊಡೆಸಬೇಕಿತ್ತೇ?

ಕೆಲ ತಿಂಗಳ ಮೇಲೆ ಹರಪನಹಳ್ಳಿಯಲ್ಲಿ ಸಮಾರಂಭ ಇಟ್ಟುಕೊಂಡರು. ಫೋಟೋ ಕೊಟ್ಟ ಹಿರಿಯರಿಗೆ ಸನ್ಮಾನ. ದೊಡ್ಡವ್ವ ಇಳಕಲ್ ಸೀರೆ ಉಟ್ಟು ಬಂದಳು. ಶಾಲು ಹೊದಿಸಿದರು, ಹಾರ ಹಾಕಿದರು, ಆಮೇಲೆ ಆಳೆತ್ತರದ ಫ್ರೇಮಿನ ಮೇಲಿದ್ದ ಬಟ್ಟೆ ಸರಿಸಿದರು. ಬಣ್ಣದ ಫೋಟೋ. ಹೊಳೆಯುವ ಕಣ್ಣು ಬಿಟ್ಟುಕೊಂಡು ಸೀರೆ ಅಂಗಡಿಯ ಜಾಹೀರಾತಿನವಳ ಹಾಗೆ ನಗುತ್ತಿದ್ದ ಒಬ್ಬ ಹೆಂಗಸು. ಹಣೆಯಲ್ಲಿ ವಿಭೂತಿ ಇಲ್ಲ, ದುಂಡನೆಯ ಕೆಂಪು ಕುಂಕುಮ. ಸಭೆಯೆಲ್ಲ ಚಪ್ಪಾಳೆ ತಟ್ಟಿತು.

ದೊಡ್ಡವ್ವ ಫ್ರೇಮಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು.

"ಯಾರ್ರಿ ಈಕಿ?" ಎಂದಳು. ಮೈಕು ಪಕ್ಕದಲ್ಲೇ ಇತ್ತು, ಎಲ್ಲರಿಗೂ ಕೇಳಿತು.

"ಅಜ್ಜಿ, ಇವರು ನಿಮ್ಮ ತಾಯಿ," ಎಂದ ಸಂಯೋಜಕ.

"ಅಲ್ಲ."

ಅವನು ಮೈಕಿಗೆ ಬಾಗಿ, ಈ ಅಜ್ಜಿಗೆ ಪಾಪ ಕಣ್ಣು ಮಂದ ಎಂದ. ಜನ ಅಯ್ಯೋ ಎಂದು ಇನ್ನೊಮ್ಮೆ ಚಪ್ಪಾಳೆ ಹೊಡೆದರು. ಅಷ್ಟು ಜನರಲ್ಲಿ ಅಜ್ಜಿಯ ನಿಜವಾದ ಮುಖ ಗೊತ್ತಿದ್ದದ್ದು ನನಗೆ ಮತ್ತು ದೊಡ್ಡವ್ವನಿಗೆ, ಕುರುಡಿ ಎನಿಸಿಕೊಂಡವಳು ಅವಳು. ಆ ಚಪ್ಪಾಳೆಗಾಗಿ ನಾನು ಯಾರನ್ನೂ ಕ್ಷಮಿಸಿಲ್ಲ.

ವೇದಿಕೆಯ ಹಿಂದೆ ಊಟದ ಎಲೆ ಹಾಕುತ್ತಿದ್ದ ಕಡೆ ಅವನನ್ನು ಹಿಡಿದು ನಿಲ್ಲಿಸಿದೆ. ಮೂಲ ಫೋಟೋ ಎಲ್ಲಿ, ಮೊದಲು ಮಾಡಿದ ಸ್ಕ್ಯಾನ್ ಎಲ್ಲಿ, ಈಗಲೇ ತೋರಿಸು ಎಂದೆ. ಬೆವರು ಒರೆಸಿಕೊಳ್ಳುತ್ತ ಒಂದೊಂದಾಗಿ ಬಾಯಿ ಬಿಟ್ಟ. ಗಾಜಿನ ಮೇಲೆ ಬೆಳಕು ಬಿದ್ದು ಸ್ಕ್ಯಾನ್ ಸರಿಯಾಗಿ ಬರಲಿಲ್ಲವಂತೆ. ಆಫೀಸಿನವರು ಅದನ್ನು ಅಳಿಸಿಹಾಕಿ, ಗಾಜು ಬಿಡಿಸಿದರಂತೆ. ಫೋಟೋ ಹರಿದು ಮುಖ ಗಾಜಿನಲ್ಲೇ ಉಳಿಯಿತಂತೆ, ಗಾಜು ಒಡೆದಿತ್ತು ಎಂದು ಕಸಕ್ಕೆ ಹಾಕಿದರಂತೆ. ಸ್ಕ್ಯಾನಿನಲ್ಲಿ ಕುತ್ತಿಗೆಯ ಮೇಲೆ ಬರೀ ಬಿಳಿ ಜಾಗ ಬಂತು. ಆ ಜಾಗವನ್ನು ಸಾಫ್ಟ್‌ವೇರ್ ತುಂಬಿಕೊಟ್ಟಿತು. ಪಟ್ಟಿಯಲ್ಲಿ ಹಬ್ಬದ ಫೋಟೋ ಎಂದು ಇದ್ದದ್ದಕ್ಕೆ ನಗುವ ಮುಖ ಕೇಳಿದರು.

"ಹಾಗಾದರೆ ಆ ಮುಖ ಯಾರದು?"

"ಯಾರದೂ ಅಲ್ಲ ಮೇಡಂ," ಎಂದ. "ಆದ್ರೆ ತುಂಬಾ ನ್ಯಾಚುರಲ್ ಆಗಿ ಬಂದಿದೆ."

ಗಣಪತಿ ಮಾಡು ಅಂದರೆ ಅವರಪ್ಪನನ್ನು ಮಾಡಿದ ಎನ್ನುತ್ತಾರಲ್ಲ, ಇವರಿಗೆ ಆ ಗಾದೆಯೂ ಸಾಲದು. ಶಿವನಾದರೂ ಗಣಪತಿಗೆ ಏನಾದರೂ ಆಗಬೇಕಾದವನು. ಇದ್ದೊಂದು ಮುಖವನ್ನು ಕಸದ ಬುಟ್ಟಿಗೆ ಎಸೆದು, ಹುಟ್ಟದೇ ಇದ್ದ ಹೆಂಗಸನ್ನು ತಂದು ನಮ್ಮ ಅಜ್ಜಿಯ ಕತ್ತಿನ ಮೇಲೆ ಕೂಡಿಸಿ, ಅದಕ್ಕೆ ನಂಬರು ಕೊಟ್ಟು, ಸಂರಕ್ಷಣೆ ಎಂದು ಹೆಸರಿಟ್ಟಿದ್ದರು. ಎಲೆ ಹಾಕುವವರು ಕೈ ನಿಲ್ಲಿಸಿ ನೋಡುವ ಹಾಗೆ ಬೈದೆ. ಮೂವತ್ತು ವರ್ಷ ಮಕ್ಕಳನ್ನು ಗದರಿಸಿದ ಗಂಟಲು ನನ್ನದು. ಬೈದು ಬಂದದ್ದೇನೂ ಇಲ್ಲ, ಊಟ ಬಿಟ್ಟು ದೊಡ್ಡವ್ವನ ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದೆ. ದಾರಿಯಲ್ಲಿ ಆಕೆಗೆ ನಿಜ ಹೇಳಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು.

ಸಂಸ್ಥೆಯವರಿಗೆ ಪತ್ರ ಬರೆದು ಕೆಲಸ ಬಿಟ್ಟೆ. ಆ ಚಿತ್ರ ತೆಗೆಯಿರಿ ಎಂದು ಕೇಳಿದೆ. ತೆಗೆಯಲಿಲ್ಲ, ಅದರ ಬದಲು ಸಂಯೋಜಕನನ್ನೇ ದೊಡ್ಡವ್ವನ ಮನೆಗೆ ಕಳಿಸಿದರು. ಕೈಯಲ್ಲಿ ಹಣ್ಣಿನ ಬುಟ್ಟಿ, ಬಗಲಲ್ಲಿ ಲ್ಯಾಪ್‌ಟಾಪ್. ನಾನೂ ಅಲ್ಲೇ ಇದ್ದೆ. ದೊಡ್ಡವ್ವನ ಮುಂದೆ ಚಾಪೆಯ ಮೇಲೆ ಕೂತು ಪರದೆ ತಿರುಗಿಸಿದ. ಆರು ಹೆಂಗಸರ ಮುಖ, ಸಾಲಾಗಿ. ಈ ಸಲ ಎಲ್ಲರೂ ಕಣ್ಣು ಮುಚ್ಚಿದ್ದರು, ಎಲ್ಲರ ಹಣೆಯ ಮೇಲೂ ವಿಭೂತಿ ಇತ್ತು.

"ಇವರಲ್ಲಿ ನಿಮ್ಮ ತಾಯಿ ಯಾರು ಹೇಳಿ ಅಜ್ಜಿ. ಹೋಲದಿದ್ರೆ ಮತ್ತೆ ಮಾಡೋಣ."

ದೊಡ್ಡವ್ವ ಪರದೆಗೆ ಮುಖ ಹತ್ತಿಸಿ ಒಂದೊಂದೇ ನೋಡಿದಳು. ಅಲ್ಲ ಎಂದಳು. ಮೂಗು ಇನ್ನೂ ಉದ್ದವಾ ಅಜ್ಜಿ, ಎಂದ. ಒಂಚೂರು, ಎಂದಳು. ಒಂದು ಗುಂಡಿ ಒತ್ತಿದ, ಮತ್ತೆ ಆರು ಮುಖ. ಗಲ್ಲ ತುಂಬಿಕೊಂಡಿತ್ತಾ, ಎಂದ. ಮತ್ತೆ ಆರು. ಹೆಣ್ಣು ನೋಡಲು ಬಂದವರೂ ಇಷ್ಟು ಮೂಗು ಗಲ್ಲ ಕೇಳುವುದಿಲ್ಲ. ಎದ್ದು ಆ ಲ್ಯಾಪ್‌ಟಾಪನ್ನು ಬೀದಿಗೆ ಎಸೆಯಬೇಕೆನಿಸಿತು. ಎದ್ದೂ ಇದ್ದೆ, ದೊಡ್ಡವ್ವ ನನ್ನ ಸೆರಗು ಹಿಡಿದು ಕೂಡಿಸಿದಳು. ಎಷ್ಟೋ ಹೊತ್ತು ಹಾಗೇ ನಡೆಯಿತು. ಕೊನೆಗೆ ಒಂದರ ಮೇಲೆ ಬೆರಳು ಇಟ್ಟಳು.

"ಇದು. ಇದ ಇರ್ಲಿ ತಮ್ಮಾ."

ಅವನ ಕಣ್ಣಲ್ಲಿ ನೀರು ಬಂತು. ಆಕೆಯ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ. ನನಗೆ ಆ ಮುಖದಲ್ಲಿ ಅಜ್ಜಿ ಕಾಣಲಿಲ್ಲ. ಆದರೆ ಜೀವಮಾನವಿಡೀ ದಿನಾ ನೋಡಿದವಳು ಅವಳು, ಅವಳಿಗೆ ಏನಾದರೂ ಕಂಡಿರಬೇಕು ಎಂದು ಸುಮ್ಮನಾದೆ. ಸಿಟ್ಟಿನ ನಡುವೆಯೂ ಸ್ವಲ್ಪ ಸಮಾಧಾನವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೊಂದು ದಿನ ಅವರ ತಾಣದಲ್ಲಿ ಆ ಪುಟ ತೆಗೆದು ನೋಡಿದೆ. ಹೊಸ ಮುಖ ಬಂದಿತ್ತು. ಕೆಳಗೆ ಹೊಸದೊಂದು ಸಾಲು ಸೇರಿಸಿದ್ದರು: 'ಮುಖ ಖಚಿತಪಡಿಸಿದವರು: ಮಗಳು'. ಸಾಫ್ಟ್‌ವೇರಿನ ಮಾತು, ಹರಿದ ಫೋಟೋದ ಮಾತು ಎಲ್ಲೂ ಇಲ್ಲ. ನೆತ್ತಿಗೇರಿದ ಸಿಟ್ಟಿನಲ್ಲೇ ಸಿಕ್ಕ ಬಸ್ಸು ಹತ್ತಿ ದೊಡ್ಡವ್ವನ ಮನೆಗೆ ಹೋದೆ. ಪಡಸಾಲೆಯಲ್ಲಿ ಕೂತು ಕೈ ಅಂದಾಜಿನ ಮೇಲೆ ಶೇಂಗಾ ಸುಲಿಯುತ್ತಿದ್ದಳು.

"ಖರೇ ಹೇಳು ದೊಡ್ಡವ್ವಾ. ಆವತ್ತು ನೀ ತೋರಿಸಿದ್ದು ಅಜ್ಜಿ ಮುಖ ಏನು?"

"ಅಲ್ಲ," ಎಂದಳು. "ಅದರಾಗ ಯಾವುದೂ ಆಕಿ ಅಲ್ಲ."

"ಮತ್ಯಾಕ ಹೂಂ ಅಂದಿ? ನಿನ್ನ ಮಾತ ಸಾಕ್ಷಿ ಅಂತ ಬರಕೊಂಡಾರ ಅವರು."

ಕೈಯಲ್ಲಿದ್ದ ಶೇಂಗಾ ಮೊರಕ್ಕೆ ಹಾಕಿ, ನನ್ನ ದನಿ ಬಂದ ಕಡೆ ತಿರುಗಿದಳು.

"ನಾ ಅಲ್ಲ ಅಂದಂಗೆಲ್ಲ ಆ ಹುಡುಗ ಮತ್ತ ಆರು ಮುಖ ತರ್ತಿದ್ದ ಮಗಳ. ಅವನ್ನ ನೋಡಿ ನೋಡಿ ನಮ್ಮವ್ವನ ಮುಖ ನನ್ನ ತಲಿಯಾಗಿಂದ ಹೊಂಟಿತ್ತು. ಇನ್ನೊಂದ್ ಸಲ ಅಲ್ಲ ಅಂದಿದ್ರ ಪೂರಾ ಹೋಗಿಬಿಡ್ತಿತ್ತು. ಉಳದಷ್ಟಾರ ಉಳೀಲಿ ಅಂತ ಹೂಂ ಅಂದೆ."